ಡೆನ್ವರ್‌ನಲ್ಲಿ ಒಂದೇ ಊರಿಗೆ ಎರಡೆರಡು ಯಹೂದಿ ಕ್ಷಯದಾಸ್ಪತ್ರೆ ಯಾಕೆ ಬೇಕಾಯಿತು?

ಕೊಲೊರಾಡೊ_ಕನ್ನಡಿಗ

ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ಪಕ್ಕದ ಲೇಕ್‌ವುಡ್‌ನಲ್ಲಿ ಕಾಸಾ ಬೊನೀಟಾ ಅಂತ ಒಂದು ಹೋಟೆಲಿದೆ. ಹೊರಗೆ ಗುಲಾಬಿ ಬಣ್ಣದ ಗೋಪುರ, ಒಳಗೆ ಜಲಪಾತ, ಅದರ ಮೇಲಿಂದ ಕೊಳಕ್ಕೆ ಧುಮುಕುವ ಹುಡುಗರು. ನಮ್ಮ ಮಕ್ಕಳಿಗೆ ಅದೆಂದರೆ ಪ್ರಾಣ. ಹೋದ ತಿಂಗಳು ಅಲ್ಲಿ ಊಟಕ್ಕೆ ಹೋದಾಗ ಪಕ್ಕದ ಮೇಜಿನ ಹಿರಿಯರೊಬ್ಬರು, "ನಮ್ಮ ಕಾಲದಲ್ಲಿ ಈ ಅಂಗಡಿಸಾಲಿಗೆ ಜೆಸಿಆರ್‌ಎಸ್ ಶಾಪಿಂಗ್ ಸೆಂಟರ್ ಅಂತ ಹೆಸರಿತ್ತು" ಅಂದರು. ಜೆಸಿಆರ್‌ಎಸ್ ಅಂದರೆ ಏನು ಅಂತ ಕೇಳಿದೆ. "ಟಿಬಿ ಆಸ್ಪತ್ರೆ. ಟೆಂಟುಗಳಲ್ಲಿ ಶುರುವಾಗಿದ್ದು" ಅಂದು ಮತ್ತೆ ಊಟಕ್ಕೆ ಕೈಹಾಕಿದರು.

ಮನೆಗೆ ಬಂದ ಮೇಲೆ ಸುಮ್ನೆ ಕೂರಲಾಗಲಿಲ್ಲ. ಜ್ಯೂಯಿಷ್ ಕನ್‌ಸಂಪ್ಟಿವ್ಸ್ ರಿಲೀಫ್ ಸೊಸೈಟಿ, ಅಂದರೆ ಯಹೂದಿ ಕ್ಷಯರೋಗಿಗಳ ನೆರವಿನ ಸಂಘ, 1904ರಲ್ಲಿ ಶುರುವಾಗಿದ್ದು. ಆದರೆ ಇದೇ ಊರಲ್ಲಿ ಐದು ವರ್ಷ ಮೊದಲೇ, 1899ರಲ್ಲಿ, ನ್ಯಾಷನಲ್ ಜ್ಯೂಯಿಷ್ ಹಾಸ್ಪಿಟಲ್ ಅಂತ ಇನ್ನೊಂದು ಯಹೂದಿ ಕ್ಷಯದಾಸ್ಪತ್ರೆ ಬಾಗಿಲು ತೆರೆದಿತ್ತು. ಅದೂ ಧರ್ಮಾರ್ಥವೇ. ಅದೂ ದೇಶದ ಎಲ್ಲಾ ಕಡೆಯ ರೋಗಿಗಳಿಗೇ. ಒಂದೇ ಸಮುದಾಯ, ಒಂದೇ ಊರು, ಒಂದೇ ಕಾಯಿಲೆ. ಮತ್ತೆ ಎರಡು ಯಾಕೆ? ಗೊತ್ತಿದ್ದವರು ಹೇಳಿ.

ಹಳೇಪುಸ್ತಕ

ಒಳ್ಳೆಯ ಕಡೆ ಕೈ ಹಾಕಿದ್ದೀರಿ. ಸ್ವಲ್ಪ ಉದ್ದವಾಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ಮೊದಲು ಡೆನ್ವರ್ ಯಾಕೆ ಅನ್ನೋದು. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ಕಂಡುಹಿಡಿದದ್ದು 1882ರಲ್ಲಿ. ಕಾರಣ ಗೊತ್ತಾಯಿತು, ಔಷಧ ಸಿಗಲಿಲ್ಲ. ಆಮೇಲೆ ಅರವತ್ತು ವರ್ಷ ಡಾಕ್ಟರುಗಳ ಕೈಯಲ್ಲಿ ಇದ್ದದ್ದು ಗಾಳಿ, ಬಿಸಿಲು, ವಿಶ್ರಾಂತಿ, ಹಾಲು, ಮೊಟ್ಟೆ. ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಮೇಲಿದೆ. ಒಣ ಗಾಳಿ, ವರ್ಷದಲ್ಲಿ ಹೆಚ್ಚು ದಿನ ಬಿಸಿಲು. "ಅಲ್ಲಿಗೆ ಹೋದರೆ ಉಳಿಯುತ್ತೀಯ" ಅಂತ ಡಾಕ್ಟರು ಹೇಳಿದ್ದೇ ತಡ, ಪೂರ್ವದ ಊರುಗಳಿಂದ ಜನ ರೈಲು ಹತ್ತಿ ಬಂದುಬಿಡುತ್ತಿದ್ದರು. ಕೆಲವರು ಸ್ಟೇಷನ್ನಿನಲ್ಲಿ ಇಳಿದಾಗ ಕಿಸೆಯಲ್ಲಿ ಕಾಸಿಲ್ಲ, ಎದೆಯಲ್ಲಿ ಉಸಿರಿಲ್ಲ. ಬಾಡಿಗೆಗೆ ಕೋಣೆ ಕೊಡುವವರಿಲ್ಲ. ಬೀದಿಯಲ್ಲೇ ಕೆಮ್ಮಿ ರಕ್ತ ಕಾರಿ ಬೀಳುತ್ತಿದ್ದರು.

ಹೀಗೆ ಬಿದ್ದವರನ್ನು ಎತ್ತಿ ಕೂರಿಸಿದ ಹೆಂಗಸು ಫ್ರಾನ್ಸಿಸ್ ವೈಸ್‌ಬಾರ್ಟ್ ಜೇಕಬ್ಸ್. ವ್ಯಾಪಾರಿಯ ಹೆಂಡತಿ, ಊರಿನ ದಾನಧರ್ಮದ ಕೆಲಸಗಳೆಲ್ಲದರಲ್ಲೂ ಮುಂದು. ಡೆನ್ವರ್‌ನ ರಾಜ್ಯ ಭವನದ ಗುಮ್ಮಟದಲ್ಲಿ ಹದಿನಾರು ಮಂದಿ ಹಿರಿಯರ ಚಿತ್ರಗಳನ್ನು ಬಣ್ಣದ ಗಾಜಿನಲ್ಲಿ ಮಾಡಿದ್ದಾರಲ್ಲ, ಅವರಲ್ಲಿ ಒಬ್ಬಳೇ ಹೆಂಗಸು ಈಕೆ. ಆಸ್ಪತ್ರೆ ಬೇಕೇಬೇಕು ಅಂತ ಹಟ ಹಿಡಿದವಳೂ ಇವಳೇ. 1892ರ ಅಕ್ಟೋಬರಿನಲ್ಲಿ ಅಡಿಗಲ್ಲು ಬಿತ್ತು. ಮುಂದಿನ ತಿಂಗಳೇ ಆಕೆ ತೀರಿಕೊಂಡಳು.

ಮರುವರ್ಷ ಬೆಳ್ಳಿಯ ಬೆಲೆ ಕುಸಿಯಿತು. ಕೊಲೊರಾಡೊ ನಿಂತಿದ್ದೇ ಬೆಳ್ಳಿ ಗಣಿಗಳ ಮೇಲೆ. ಬ್ಯಾಂಕುಗಳು ಮುಚ್ಚಿದವು, ದಾನ ಕೊಡುವವರೇ ಕೈಕಟ್ಟಿ ಕೂತರು. ಕಟ್ಟಡ ಎದ್ದು ನಿಂತಿದೆ, ಒಳಗೆ ಒಬ್ಬ ರೋಗಿಯೂ ಇಲ್ಲ. ಹೀಗೇ ಆರು ವರ್ಷ! ಕೊನೆಗೆ ಬ್ನೈ ಬ್ರಿತ್ ಅನ್ನುವ ಯಹೂದಿ ಸಂಘ ಖರ್ಚು ಹೊತ್ತುಕೊಂಡ ಮೇಲೆ 1899ರ ಡಿಸೆಂಬರ್ 10ರಂದು ಬಾಗಿಲು ತೆರೆಯಿತು. ಹಾಸಿಗೆ 60. ಮೊದಲು ದಾಖಲಾದವಳು ಯಹೂದಿಯೇ ಅಲ್ಲ, ಸ್ವೀಡನ್ ಮೂಲದ ಹುಡುಗಿ. ಅವರ ಘೋಷವಾಕ್ಯ ಕೇಳಿ: ದುಡ್ಡು ಕೊಡಬಲ್ಲವರು ಒಳಗೆ ಬರುವಂತಿಲ್ಲ, ಒಳಗೆ ಬಂದವರು ದುಡ್ಡು ಕೊಡುವಂತಿಲ್ಲ.

ಎರಡನೆಯ ಆಸ್ಪತ್ರೆಯ ಕತೆ ರಾತ್ರಿ ಬರೆಯುತ್ತೇನೆ.

ಬಿಸಿಬೇಳೆ

ಯಹೂದಿಗಳು ಅಂದ ಮೇಲೆ ದುಡ್ಡಿಗೇನು ಕಮ್ಮಿ. ಒಂದಲ್ಲ, ಹತ್ತು ಕಟ್ಟಬಹುದು ಬಿಡಿ.

ಕೊಲೊರಾಡೊ_ಕನ್ನಡಿಗ

ಬಿಸಿಬೇಳೆಯವರೇ, ಅದೇ ತಪ್ಪು. ಈ ರೋಗಿಗಳಲ್ಲಿ ಹೆಚ್ಚಿನವರು ದರ್ಜಿಗಳು, ತಲೆಹೊರೆ ವ್ಯಾಪಾರಿಗಳು, ಸಿಗರೇಟು ಸುತ್ತುವವರು. 1880ರ ದಶಕದಿಂದ ರಷ್ಯಾದ ಕಡೆಯಿಂದ ದಂಗೆಗಳಿಗೆ ಹೆದರಿ ಓಡಿ ಬಂದವರು. ನ್ಯೂಯಾರ್ಕಿನ ಕಿಟಕಿಯಿಲ್ಲದ ಕೋಣೆಗಳಲ್ಲಿ ಹತ್ತಾರು ಜನ ಒತ್ತೊತ್ತಾಗಿ ಕೂತು ಬೆಳಗಿನಿಂದ ರಾತ್ರಿವರೆಗೆ ಬಟ್ಟೆ ಹೊಲಿಯುತ್ತಿದ್ದರು. ಕ್ಷಯಕ್ಕೆ ಅಲ್ಲಿ "ದರ್ಜಿಗಳ ಕಾಯಿಲೆ" ಅಂತಲೇ ಹೆಸರು.

ಹಳೇಪುಸ್ತಕ

ಅದಕ್ಕೊಂದು ಉದಾಹರಣೆ. ಡೇವಿಡ್ ಎಡೆಲ್‌ಸ್ಟಾಟ್ ಅಂತ ಒಬ್ಬ ಕವಿ, ಬರೆಯುತ್ತಿದ್ದದ್ದು ಪೂರ್ವ ಯುರೋಪಿನ ಯಹೂದಿಗಳ ಮಾತಾದ ಯಿಡ್ಡಿಷ್‌ನಲ್ಲಿ. ಹೊಟ್ಟೆಪಾಡಿಗೆ ಅಂಗಿಗಳಿಗೆ ಕಾಜ ಹೊಲಿಯುತ್ತಿದ್ದ. ಅವನ ಹಾಡುಗಳನ್ನು ಮುಷ್ಕರಗಳಲ್ಲಿ ಹಾಡುತ್ತಿದ್ದರು. ಕ್ಷಯ ಹಿಡಿದು ಡೆನ್ವರ್‌ಗೆ ಬಂದ. ಸತ್ತಾಗ 26 ವರ್ಷ. ತಿಂಗಳು ಯಾವುದು ಗೊತ್ತಾ? 1892ರ ಅಕ್ಟೋಬರ್. ಅತ್ತ ಆ ಆಸ್ಪತ್ರೆಗೆ ಅಡಿಗಲ್ಲು ಹಾಕಿದ ತಿಂಗಳೇ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನ್ಯಾಷನಲ್ ಜ್ಯೂಯಿಷ್ ಕಟ್ಟಿದವರು ಜರ್ಮನ್ ಮೂಲದ ಯಹೂದಿಗಳು. ಬಂದು ಎರಡು ತಲೆಮಾರಾಗಿತ್ತು, ಇಂಗ್ಲಿಷ್ ಮಾತಾಡುತ್ತಿದ್ದರು, ಅಂಗಡಿ ಮುಂಗಟ್ಟು ಇತ್ತು. ಧರ್ಮದಲ್ಲೂ ಸುಧಾರಣಾವಾದಿಗಳು. ಅವರ ಆಸ್ಪತ್ರೆಯ ನಿಯಮ ಏನೆಂದರೆ, ಕಾಯಿಲೆ ಇನ್ನೂ ಶುರುವಿನ ಹಂತದಲ್ಲಿರಬೇಕು, ಗುಣವಾಗುವ ಲಕ್ಷಣ ಕಾಣಬೇಕು. ಆರು ತಿಂಗಳಾದ ಮೇಲೆ ಜಾಗ ಬಿಡಬೇಕು. ಅಡುಗೆಮನೆ ಕೋಷರ್ ಅಲ್ಲ, ಅಂದರೆ ಯಹೂದಿ ಶಾಸ್ತ್ರದ ಮಡಿ ಅಡುಗೆಯಲ್ಲ. 1920ರ ದಶಕದ ತನಕ ಅಲ್ಲಿ ಕೋಷರ್ ಅಡುಗೆ ಇರಲಿಲ್ಲ.

ಈಗ ಯೋಚಿಸಿ. ಲಿಥುವೇನಿಯಾ ಕಡೆಯ ಒಬ್ಬ ದರ್ಜಿ. ಜೀವಮಾನದಲ್ಲಿ ಮಡಿ ಬಿಟ್ಟು ಉಂಡವನಲ್ಲ. ಡಾಕ್ಟರ ಹತ್ತಿರ ಹೋಗುವಷ್ಟು ಬಿಡುವಾಗಲಿ ದುಡ್ಡಾಗಲಿ ಅವನಿಗೆ ಸಿಕ್ಕಿದ್ದು ಎರಡೂ ಶ್ವಾಸಕೋಶ ಹೋದ ಮೇಲೆ. ಅವನು ರೈಲಿಳಿದು ಯಹೂದಿ ಆಸ್ಪತ್ರೆಯ ಬಾಗಿಲು ತಟ್ಟಿದರೆ ಉತ್ತರ ಏನು? "ನಿನಗೆ ತೀರಾ ಜಾಸ್ತಿಯಾಗಿದೆ, ಇಲ್ಲಿ ಜಾಗವಿಲ್ಲ."

ಅವನಂಥವರು ಸೇರಿಯೇ ಎರಡನೆಯದನ್ನು ಕಟ್ಟಿದ್ದು. ಕಟ್ಟಿದವರು ಕೈಕೆಲಸದವರು, ಅವರಲ್ಲಿ ಹಲವರು ಸ್ವತಃ ಕ್ಷಯರೋಗಿಗಳು. ಜೊತೆಗೆ ಇಬ್ಬರು ಡಾಕ್ಟರು, ಫಿಲಿಪ್ ಹಿಲ್ಕೊವಿಟ್ಸ್ ಮತ್ತು ಚಾರ್ಲ್ಸ್ ಸ್ಪಿವಾಕ್. 1904ರ ಸೆಪ್ಟೆಂಬರಿನಲ್ಲಿ ಊರ ಹೊರಗೆ ಪಶ್ಚಿಮಕ್ಕೆ, ಮರದ ನೆಲದ ಟೆಂಟುಗಳಲ್ಲಿ ಏಳು ರೋಗಿಗಳಿಂದ ಶುರು. ಯಾವ ಹಂತದ ರೋಗಿಯಾದರೂ ಬರಬಹುದು. ಊಟ ಕೋಷರ್. ಕಾಸು ಬೇಡ. ಲಾಂಛನದ ಮೇಲೆ ಯಹೂದಿ ಧರ್ಮಗ್ರಂಥವಾದ ತಾಲ್ಮುದ್‌ನ ಮಾತು: ಒಂದು ಜೀವ ಉಳಿಸಿದವನು ಇಡೀ ಲೋಕ ಉಳಿಸಿದಂತೆ.

ಲೆಕ್ಕದಮೇಷ್ಟ್ರು

ಹಳೇಪುಸ್ತಕದವರೇ, ಚೆನ್ನಾಗಿ ಬರೆದಿದ್ದೀರಿ, ಆದರೆ ಮೊದಲನೆಯವರನ್ನು ಖಳನಾಯಕರ ಹಾಗೆ ಚಿತ್ರಿಸುತ್ತಿದ್ದೀರಿ ಅನಿಸಿತು. ಲೆಕ್ಕ ಹಾಕಿ. ಹಾಸಿಗೆ 60. ಆರು ತಿಂಗಳಿಗೊಮ್ಮೆ ಬದಲಾದರೆ ವರ್ಷಕ್ಕೆ 120 ಜನ. ಗುಣವಾಗದವರನ್ನು ಕೊನೆ ತನಕ ಇಟ್ಟುಕೊಂಡರೆ ಒಂದೊಂದು ಹಾಸಿಗೆಯೂ ಎರಡು ಮೂರು ವರ್ಷ ಹಿಡಿಯುತ್ತದೆ. ಹೊರಗೆ ಕಾಯುತ್ತಿರುವ, ಬದುಕಬಹುದಾದ ಇಪ್ಪತ್ತರ ಹುಡುಗನಿಗೆ ಏನು ಹೇಳುತ್ತೀರಿ? ಕೋವಿಡ್ ಹೊತ್ತಲ್ಲಿ ನಾವೇ ನೋಡಲಿಲ್ವಾ, ಐಸಿಯು ಹಾಸಿಗೆ ಒಂದು, ಕಾಯುವವರು ಐದು.

ಹಳೇಪುಸ್ತಕ

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿ. ಅವರೂ ಇದೇ ಲೆಕ್ಕ ಹೇಳಿದ್ದರು. ಆದರೆ ಲೆಕ್ಕದ ಹಿಂದೆ ಇನ್ನೊಂದು ಭಯ ಇತ್ತು. ದೇಶದ ಬಡ ಯಹೂದಿ ರೋಗಿಗಳೆಲ್ಲ ಡೆನ್ವರ್‌ಗೇ ಬಂದು ಗುಡ್ಡೆ ಬಿದ್ದರೆ ಊರಿನವರ ಕೋಪ ಇಡೀ ಸಮುದಾಯದ ಮೇಲೆ ತಿರುಗುತ್ತದೆ ಅನ್ನುವ ಭಯ. ಬಂದು ನೆಲೆಯೂರಿದವರಿಗೆ ಹಿಂದಿನಿಂದ ಬರುವ ಹಳ್ಳಿ ನೆಂಟರನ್ನು ಕಂಡರೆ ಮುಜುಗರ ಆಗುತ್ತದಲ್ಲ, ಅದೇ. ಗಡ್ಡ, ಯಿಡ್ಡಿಷ್ ಭಾಷೆ, ಸಮಾಜವಾದಿ ಪತ್ರಿಕೆ. ನ್ಯಾಷನಲ್ ಜ್ಯೂಯಿಷ್ ಪರವಾಗಿ ರಬ್ಬಿ (ಯಹೂದಿ ಧರ್ಮಗುರು) ವಿಲಿಯಂ ಫ್ರೀಡ್‌ಮನ್, ಜೆಸಿಆರ್‌ಎಸ್ ಪರವಾಗಿ ಸ್ಪಿವಾಕ್. ಇಬ್ಬರ ಪಾಳಯಗಳ ನಡುವೆ ವರ್ಷಗಟ್ಟಲೆ ಜಟಾಪಟಿ ನಡೆಯಿತು.

ನರ್ಸಕ್ಕ

ಕೋಷರ್ ವಿಷಯ ಓದಿ ಒಂದು ನೆನಪಾಯಿತು. ನಾನು ಇಪ್ಪತ್ತೆಂಟು ವರ್ಷ ಟಿಬಿ ವಾರ್ಡಿನಲ್ಲಿ ಕೆಲಸ ಮಾಡಿದವಳು. ಆಸ್ಪತ್ರೆಯ ಹೆಸರು ಬೇಡ. "ದಿನಕ್ಕೆ ಎರಡು ಮೊಟ್ಟೆ ತಿನ್ನಿ" ಅಂತ ಡಾಕ್ಟರು ಬರೆದುಕೊಟ್ಟು ಹೋಗುತ್ತಿದ್ದರು. ಮಾಂಸ ಮುಟ್ಟದ ಮನೆಯ ಅಜ್ಜಿಯರು ನನ್ನ ಕೈ ಹಿಡಿದು, "ಮಗಾ, ಸತ್ತರೂ ಪರವಾಗಿಲ್ಲ, ಅದೊಂದು ಬೇಡ" ಅಂತ ಅಳುತ್ತಿದ್ದರು. ಶೇಂಗಾ, ಹೆಸರುಕಾಳು, ಹಾಲು ಅಂತ ಏನೋ ಹೊಂದಿಸುತ್ತಿದ್ದೆವು. ಊಟ ಒಗ್ಗದಿದ್ದರೆ ರೋಗಿ ತಟ್ಟೆ ಪಕ್ಕಕ್ಕಿಟ್ಟು ಮಲಗಿಬಿಡುತ್ತಾರೆ. ಟಿಬಿಯಲ್ಲಿ ತೂಕ ಇಳಿದರೆ ಮುಗಿಯಿತು. ಹಾಗಾಗಿ ಕೋಷರ್ ಅಡುಗೆ ಬೇಕು ಅಂದದ್ದು ಬರೀ ಮಡಿ ಮೈಲಿಗೆಯ ಹಟ ಅಲ್ಲ. ಅದೂ ಚಿಕಿತ್ಸೆಯೇ.

ಒಂದು ಅನುಮಾನ. ಅವರಲ್ಲಿ ಹಾಲು ಮಾಂಸ ಒಟ್ಟಿಗೆ ತಿನ್ನುವಂತಿಲ್ಲ ಅಲ್ವಾ? ಆ ಕಾಲದ ಡಾಕ್ಟರು ಎರಡನ್ನೂ ಜಾಸ್ತಿ ಕೊಡಿ ಅನ್ನುತ್ತಿದ್ದರು. ಹೇಗೆ ನಿಭಾಯಿಸಿದರು?

ಹಳೇಪುಸ್ತಕ

ಅಕ್ಕಾ, ಕೋಷರ್ ಅಂದರೆ ಪಾತ್ರೆ ಪಡಗವೂ ಬೇರೆ, ಹೊತ್ತೂ ಬೇರೆ. ಹಾಲಿನ ಊಟ ಒಂದು ಹೊತ್ತು, ಮಾಂಸದ ಊಟ ಇನ್ನೊಂದು ಹೊತ್ತು. ಜೆಸಿಆರ್‌ಎಸ್‌ಗೆ ತನ್ನದೇ ಹಸುಗಳು, ಹಾಲಿನ ಕೊಟ್ಟಿಗೆ, ಹೊಲ ಎಲ್ಲ ಇದ್ದವು. ಮುಂದೆ ಅದು ನೂರು ಎಕರೆ ದಾಟಿದ ಒಂದು ಪುಟ್ಟ ಊರೇ ಆಯಿತು. ಮುದ್ರಣಾಲಯ, ಗ್ರಂಥಾಲಯ, 1926ರಲ್ಲಿ ಕಟ್ಟಿದ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರ. ತನ್ನದೇ ಅಂಚೆ ಕಚೇರಿ ಕೂಡ! ಅದಕ್ಕೆ "ಸ್ಪಿವಾಕ್" ಅಂತಲೇ ಹೆಸರು. ದೇಶದ ಮೂಲೆ ಮೂಲೆಯಿಂದ ಚಿಲ್ಲರೆ ಕಾಸು ಬರುತ್ತಿದ್ದದ್ದು ಆ ವಿಳಾಸಕ್ಕೇ. ಒಬ್ಬ ಸಾಹುಕಾರ ಸಾವಿರ ಕೊಟ್ಟದ್ದಕ್ಕಿಂತ ಸಾವಿರ ದರ್ಜಿಗಳು ಒಂದೊಂದು ಡಾಲರ್ ಕೊಟ್ಟದ್ದೇ ಹೆಚ್ಚು. ಊರೂರಲ್ಲಿ ಮಹಿಳಾ ಸಂಘಗಳಿದ್ದವು, ಅವರು ದುಡ್ಡು ಕೂಡಿಸಿ ಒಂದೊಂದು ಕಟ್ಟಡ ಕಟ್ಟಿಸಿಕೊಟ್ಟರು.

ಬಿಸಿಬೇಳೆ

ಸರಿ, ನನ್ನ ಮೊದಲ ಮಾತು ವಾಪಸ್. ಈ ಸ್ಪಿವಾಕ್ ಯಾರು, ಸ್ವಲ್ಪ ಹೇಳಿ.

ಹಳೇಪುಸ್ತಕ

ಅವನ ಬಗ್ಗೆ ಕೇಳಿದರೆ ನನಗೆ ನಿಲ್ಲಿಸೋದು ಗೊತ್ತಾಗಲ್ಲ. 1861ರಲ್ಲಿ ಇವತ್ತಿನ ಉಕ್ರೇನಿನ ಕ್ರೆಮೆನ್‌ಚುಕ್‌ನಲ್ಲಿ ಹುಟ್ಟಿದ. ಹುಡುಗನಿರುವಾಗಲೇ ಸಮಾಜವಾದಿ. 1882ರಲ್ಲಿ ಅಮೆರಿಕಕ್ಕೆ ಬಂದು ಕೂಲಿ ನಾಲಿ ಮಾಡಿ, ಫಿಲಡೆಲ್ಫಿಯಾದಲ್ಲಿ ಓದಿ 1890ರಲ್ಲಿ ಡಾಕ್ಟರಾದ. ಹೆಂಡತಿಯ ಆರೋಗ್ಯ ನೋಡಿಕೊಂಡು 1896ರಲ್ಲಿ ಡೆನ್ವರ್‌ಗೆ ಬಂದ. ಜೆಸಿಆರ್‌ಎಸ್ ಶುರುವಾದಾಗಿನಿಂದ ಸಾಯುವ ತನಕ ಅದರ ಕಾರ್ಯದರ್ಶಿ.

ಪುಸ್ತಕದ ಹುಚ್ಚು ಬೇರೆ. ಯೆಹೊಆಶ್ ಅನ್ನುವ ಕಾವ್ಯನಾಮದ ಕವಿ ಸೊಲೊಮನ್ ಬ್ಲೂಮ್‌ಗಾರ್ಡನ್ ಕ್ಷಯದಿಂದ ಡೆನ್ವರ್‌ಗೆ ಬಂದಿದ್ದ. ಡಾಕ್ಟರೂ ಕವಿಯೂ ಜೊತೆಗೆ ಕೂತು ಯಿಡ್ಡಿಷ್‌ನಲ್ಲಿ ಬಳಕೆಯಾಗುವ ಹೀಬ್ರೂ ಪದಗಳ ನಿಘಂಟು ಮಾಡಿದರು, 1911ರಲ್ಲಿ ಹೊರಬಂತು. ಹಗಲು ಕಫ ಪರೀಕ್ಷೆ, ರಾತ್ರಿ ಪದಕೋಶ! ಆ ಕವಿಯೇ ಮುಂದೆ ಇಡೀ ಹೀಬ್ರೂ ಬೈಬಲ್ಲನ್ನು ಯಿಡ್ಡಿಷ್‌ಗೆ ತಂದ. 1930ರ ದಶಕದಲ್ಲಿ ಎಚ್. ಲೈವಿಕ್ ಅನ್ನುವ ಇನ್ನೊಬ್ಬ ದೊಡ್ಡ ಕವಿ ಇದೇ ಸ್ಯಾನಿಟೋರಿಯಂನಲ್ಲಿ ರೋಗಿಯಾಗಿದ್ದ. ಸೈಬೀರಿಯಾದ ಗಡಿಪಾರಿನಿಂದ ತಪ್ಪಿಸಿಕೊಂಡು ಬಂದು ನ್ಯೂಯಾರ್ಕಿನಲ್ಲಿ ಗೋಡೆಗೆ ಕಾಗದ ಅಂಟಿಸುವ ಕೆಲಸ ಮಾಡುತ್ತಿದ್ದವನು.

ಸ್ಪಿವಾಕ್ 1927ರಲ್ಲಿ ತೀರಿಕೊಂಡ. ಉಯಿಲಿನಲ್ಲಿ ದೇಹವನ್ನು ವೈದ್ಯ ವಿದ್ಯಾರ್ಥಿಗಳಿಗೆ ಬರೆದಿದ್ದ. ಎಲುಬುಗಳನ್ನು ಜೋಡಿಸಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು ಅಂದಿದ್ದ. ಸಾಂಪ್ರದಾಯಿಕ ಯಹೂದಿಗಳಿಗೆ ಹೆಣ ಕೊಯ್ಯುವುದೇ ಸಲ್ಲದು. ರೋಗಿಗಳ ಕೋಷರ್‌ಗಾಗಿ ಅಷ್ಟು ಗುದ್ದಾಡಿದ ಮನುಷ್ಯ, ತನ್ನ ವಿಷಯಕ್ಕೆ ಬಂದಾಗ ಶಾಸ್ತ್ರ ಪಕ್ಕಕ್ಕಿಟ್ಟ. ನನಗೆ ಅವನು ತುಂಬಾ ಇಷ್ಟವಾಗೋದು ಇಲ್ಲೇ.

ಸ್ಟೆತಸ್ಕೋಪು

ವೈದ್ಯನಾಗಿ ಒಂದು ಮಾತು. ಗಾಳಿ ಬಿಸಿಲಿಗೆ ಟಿಬಿ ವಾಸಿಯಾಗುತ್ತಿತ್ತಾ? ಇಲ್ಲ. ಹಾಗಾದರೆ ಅಷ್ಟೊಂದು ಜನ ಗುಣವಾಗಿ ಮನೆಗೆ ಹೋದದ್ದು ಹೇಗೆ? ಇದಕ್ಕೆ ಉತ್ತರ ನಮ್ಮ ಕರ್ನಾಟಕದಲ್ಲೇ ಸಿಕ್ಕಿದೆ. 1960ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಸುತ್ತಲಿನ ಹಳ್ಳಿಗಳಲ್ಲಿ ಐದು ವರ್ಷ ಅಧ್ಯಯನ ಮಾಡಿದರು. ಚಿಕಿತ್ಸೆ ಹೆಚ್ಚುಕಡಿಮೆ ತಲುಪದೇ ಇದ್ದ ರೋಗಿಗಳಲ್ಲಿ ಐದು ವರ್ಷಕ್ಕೆ ಸುಮಾರು ಅರ್ಧದಷ್ಟು ಜನ ಸತ್ತಿದ್ದರು. ಸುಮಾರು ಮೂರರಲ್ಲಿ ಒಂದು ಪಾಲು ತಾವಾಗಿಯೇ ಗುಣವಾಗಿದ್ದರು. ಉಳಿದವರು ಕಫದಲ್ಲಿ ರೋಗಾಣು ಇಟ್ಟುಕೊಂಡೇ ಓಡಾಡುತ್ತಿದ್ದರು.

ಈಗ ಮೇಷ್ಟ್ರ ಲೆಕ್ಕಕ್ಕೆ ಬನ್ನಿ. ಶುರುವಿನ ಹಂತದವರನ್ನೇ ಆರಿಸಿಕೊಂಡರೆ ತಾವಾಗಿ ಗುಣವಾಗುವವರೇ ಜಾಸ್ತಿ ಸಿಗುತ್ತಾರೆ. ಆಸ್ಪತ್ರೆಯ ವರದಿ ಚಂದ ಕಾಣುತ್ತದೆ. ಜೆಸಿಆರ್‌ಎಸ್ ಎಲ್ಲರನ್ನೂ ತೆಗೆದುಕೊಂಡಿತು, ಹಾಗಾಗಿ ಅಲ್ಲಿ ಸಾವೂ ಜಾಸ್ತಿ. ಎರಡು ಆಸ್ಪತ್ರೆಗಳ ಅಂಕಿಅಂಶ ಪಕ್ಕಪಕ್ಕ ಇಟ್ಟು "ಇವರು ಮೇಲು" ಅನ್ನುವಂತೆಯೇ ಇಲ್ಲ.

ಇನ್ನೊಂದು ಲಾಭವೂ ಇತ್ತು. ಕಫ ಕಾರುವ ರೋಗಿ ಇಕ್ಕಟ್ಟಿನ ಕೋಣೆ ಬಿಟ್ಟು ಹೊರಗೆ ಬಂದರೆ ಅವನ ಮಕ್ಕಳು ಬಚಾವು. ಆ ದೃಷ್ಟಿಯಲ್ಲಿ ನೋಡಿದರೆ ಆಸ್ಪತ್ರೆಯ ಹೊರಗೆ ಉಳಿಸಬಾರದವರು ಯಾರು? ಕಾಯಿಲೆ ಬಲಿತವರೇ, ಅಲ್ವಾ? ಅವರ ಕಫದಲ್ಲೇ ರೋಗಾಣು ಹೆಚ್ಚು.

ಲೆಕ್ಕದಮೇಷ್ಟ್ರು

ಡಾಕ್ಟ್ರೇ, ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಒಪ್ಪಿದೆ. ಅರ್ಧ ಮಾತ್ರ. ಹಾಸಿಗೆ 60 ಅನ್ನೋದು ಆಗಲೂ 60ಏ.

ಮಲೆನಾಡ_ಮಳೆ

ಮಕ್ಕಳ ಮಾತು ಬಂತು. ಅಪ್ಪನೋ ಅಮ್ಮನೋ ವರ್ಷಗಟ್ಟಲೆ ಟೆಂಟಿನಲ್ಲಿ ಮಲಗಿದರೆ ಮನೆಯ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು?

ಕೊಲೊರಾಡೊ_ಕನ್ನಡಿಗ

ಅದಕ್ಕೂ ಒಂದು ಮನೆ ಕಟ್ಟಿದ್ದಾರೆ. 1907ರಲ್ಲಿ ಫ್ಯಾನಿ ಲಾರ್ಬರ್ ಅನ್ನುವವರು ಮತ್ತು ಅವರ ಗೆಳತಿಯರು ಡೆನ್ವರ್‌ನಲ್ಲಿ ಕ್ಷಯರೋಗಿಗಳ ಮಕ್ಕಳಿಗಾಗಿ ಆಶ್ರಯಧಾಮ ಶುರು ಮಾಡಿದರು. ಅಪ್ಪ ಅಮ್ಮ ಬದುಕಿದ್ದೂ ಅನಾಥರಂತೆ ಬೆಳೆದ ಮಕ್ಕಳು.

ಮಲೆನಾಡ_ಮಳೆ

ನಮ್ಮ ತಂದೆಯೂ ಹಾಗೇ ಮೂರು ವರ್ಷ ಸೋದರಮಾವನ ಮನೆಯಲ್ಲಿ ಬೆಳೆದದ್ದು. ಅಜ್ಜ ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂನಲ್ಲಿದ್ದರು. ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ 1921ರಲ್ಲಿ ಶುರುವಾದದ್ದಲ್ಲವೇ ಅದು. ಊರಲ್ಲಿ ಮಾತ್ರ "ಮೈಸೂರಲ್ಲಿ ಮಂಡಿ ಲೆಕ್ಕ ಬರೆಯೋಕೆ ಹೋಗಿದಾರೆ" ಅಂತ ಹೇಳಿದ್ದರಂತೆ. ಅತ್ತೆಯಂದಿರ ಮದುವೆ ಆಗಬೇಕಿತ್ತು ನೋಡಿ. ಅಜ್ಜ ವಾಪಸ್ ಬಂದ ಮೇಲೂ ಅವರ ಲೋಟಕ್ಕೆ ಅಜ್ಜಿ ಕೆಂಪು ದಾರ ಕಟ್ಟಿದ್ದರು. ಆ ಲೋಟ ಈಗಲೂ ಅಟ್ಟದ ಮೇಲಿದೆ. ಯಾರೂ ಬಳಸಲ್ಲ, ಯಾರೂ ಎಸೆಯಲ್ಲ.

ನರ್ಸಕ್ಕ

ಆ ದಾರ ಎಷ್ಟು ಮನೆಗಳಲ್ಲಿ ನೋಡಿದ್ದೀನೋ.

ಬಿಸಿಬೇಳೆ

ಆಮೇಲೆ ಈ ಆಸ್ಪತ್ರೆಗಳು ಏನಾದವು? ಮುಚ್ಚಿದ್ದು ಯಾವಾಗ?

ಸ್ಟೆತಸ್ಕೋಪು

ಔಷಧ ಬಂತು, ಹಾಸಿಗೆ ಖಾಲಿಯಾಯಿತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೊನಿಯಾಜಿಡ್. ಆದರೂ "ಮಾತ್ರೆ ನುಂಗಿದರೂ ಸ್ಯಾನಿಟೋರಿಯಂನಲ್ಲೇ ಇರಬೇಕು" ಅನ್ನುವ ನಂಬಿಕೆ ಹೋಗಿರಲಿಲ್ಲ. ಅದನ್ನು ಮುರಿದದ್ದು ಮದ್ರಾಸಿನಲ್ಲಿ 1956ರಲ್ಲಿ ಶುರುವಾದ ಅಧ್ಯಯನ. ಅರ್ಧ ರೋಗಿಗಳು ಸ್ಯಾನಿಟೋರಿಯಂನಲ್ಲಿ, ಒಳ್ಳೆ ಊಟ, ವಿಶ್ರಾಂತಿ. ಇನ್ನರ್ಧ ಜನ ತಮ್ಮ ಇಕ್ಕಟ್ಟಾದ ಮನೆಗಳಲ್ಲೇ, ಇದ್ದದ್ದನ್ನು ಉಂಡುಕೊಂಡು. ಇಬ್ಬರಿಗೂ ಅದೇ ಮಾತ್ರೆ. ವರ್ಷ ಕಳೆದು ನೋಡಿದರೆ ಎರಡೂ ಕಡೆ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಮನೆಮಂದಿಗೆ ಸೋಂಕೂ ಹೆಚ್ಚಾಗಿರಲಿಲ್ಲ. 1959ರಲ್ಲಿ ಇದು ಪ್ರಕಟವಾದ ಮೇಲೆ ಲೋಕದ ಎಲ್ಲಾ ಕಡೆ ಸ್ಯಾನಿಟೋರಿಯಂಗಳ ಕಾಲ ಮುಗಿಯುತ್ತಾ ಬಂತು.

ಹಳೇಪುಸ್ತಕ

ಜೆಸಿಆರ್‌ಎಸ್ ಅದಕ್ಕೂ ಮುಂಚೆಯೇ ದಾರಿ ಬದಲಿಸಿತ್ತು. ಐವತ್ತು ವರ್ಷದಲ್ಲಿ ಸುಮಾರು 10,000 ರೋಗಿಗಳನ್ನು ನೋಡಿದ ಮೇಲೆ, 1954ರಲ್ಲಿ ಅಮೆರಿಕನ್ ಮೆಡಿಕಲ್ ಸೆಂಟರ್ ಅಂತ ಹೆಸರು ಬದಲಿಸಿಕೊಂಡು ಕ್ಯಾನ್ಸರ್ ಕಡೆ ತಿರುಗಿತು. ಜಾಗದ ಒಂದು ಪಾಲು ಅಂಗಡಿಸಾಲಾಯಿತು, ಅಲ್ಲೇ ನಿಮ್ಮ ಗುಲಾಬಿ ಗೋಪುರ. ಹಳೆಯ ಕಟ್ಟಡಗಳಿಗೆ 2003ರಲ್ಲಿ ಒಂದು ಕಲಾ ಕಾಲೇಜು ಬಂತು. ನ್ಯಾಷನಲ್ ಜ್ಯೂಯಿಷ್ ಈಗಲೂ ಇದೆ, ಶ್ವಾಸಕೋಶದ ಕಾಯಿಲೆಗಳಿಗೆ ಅಮೆರಿಕದಲ್ಲೇ ಹೆಸರಾದ ಆಸ್ಪತ್ರೆ. ಜೆಸಿಆರ್‌ಎಸ್ ರೋಗಿಗಳ ದಾಖಲೆಗಳು ಡೆನ್ವರ್ ವಿಶ್ವವಿದ್ಯಾಲಯದಲ್ಲಿವೆ. ಮುತ್ತಜ್ಜನನ್ನು ಹುಡುಕಿಕೊಂಡು ಜನ ಈಗಲೂ ಬರುತ್ತಾರೆ.

ಕೊಲೊರಾಡೊದವರೇ, ಅಲ್ಲೇ ಹತ್ತಿರ ಗೋಲ್ಡನ್ ಹಿಲ್ ಅಂತ ಸ್ಮಶಾನವಿದೆ. ಅದರ ಮೇಲ್ಭಾಗದಲ್ಲಿ, ಗುಡ್ಡದ ಇಳಿಜಾರಿನಲ್ಲಿ, ಯಾರೂ ಇಲ್ಲದೆ ಸತ್ತ ರೋಗಿಗಳನ್ನು ಮಣ್ಣು ಮಾಡಿದ್ದಾರೆ. ಸಾಧ್ಯವಾದರೆ ಒಮ್ಮೆ ಹೋಗಿ ಬನ್ನಿ.

ಕೊಲೊರಾಡೊ_ಕನ್ನಡಿಗ

ನಿನ್ನೆ ಹೋಗಿದ್ದೆ. ಗೇಟಿಗೆ ಬೀಗ. ಅರ್ಧ ಗಂಟೆ ಅಲ್ಲೇ ಸುತ್ತಾಡಿದ ಮೇಲೆ ನೆನಪಾಯಿತು, ನಿನ್ನೆ ಶನಿವಾರ, ಅವರ ಸಬ್ಬತ್, ವಾರದ ವಿಶ್ರಾಂತಿಯ ದಿನ! ಹೆಂಡತಿ ಇನ್ನೂ ನಗುತ್ತಿದ್ದಾಳೆ. ಮುಂದಿನ ಭಾನುವಾರ ಹೋಗುತ್ತೇನೆ. ಹೂವು ತೆಗೆದುಕೊಂಡು ಹೋಗಬಹುದಾ?

ಹಳೇಪುಸ್ತಕ

ಹೂವು ಬೇಡ. ಅವರ ಪದ್ಧತಿಯಲ್ಲಿ ಸಮಾಧಿ ಮೇಲೆ ಸಣ್ಣ ಕಲ್ಲು ಇಡುತ್ತಾರೆ. ದಾರಿಯಲ್ಲಿ ಸಿಕ್ಕಿದ್ದು ಯಾವುದಾದರೂ ಆಗುತ್ತದೆ.

ಮಲೆನಾಡ_ಮಳೆ

ನನ್ನ ಕಡೆಯಿಂದಲೂ ಒಂದು ಇಡಿ.